ಎಂಜಿನ್ ಕೆಲಸದ ನಂತರ ಗ್ಯಾಸ್ಕೆಟ್ ಸೀಲಂಟ್ ಒಣಗಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೈಕ್ ಎಂಜಿನ್‌ನ ಕ್ಲಚ್ ಕವರ್, ಮ್ಯಾಗ್ನೆಟ್ ಕವರ್, ಹೆಡ್ ಕವರ್, ಕ್ರ್ಯಾಂಕ್‌ಕೇಸ್ (ಎಂಜಿನ್‌ನ ಕೆಳಭಾಗದ ಕವಚ) ಇವುಗಳಲ್ಲಿ ಯಾವುದನ್ನೇ ಬಿಚ್ಚಿ ಜೋಡಿಸಿದರೂ ಕೊನೆಗೆ ಬರುವ ಪ್ರಶ್ನೆ ಒಂದೇ: ಗಾಡಿ ಯಾವಾಗ ಸ್ಟಾರ್ಟ್ ಮಾಡಬಹುದು? ಆಯಿಲ್ ಸೋರದಂತೆ ಜೋಡಣೆಗೆ ಹಚ್ಚಿದ ಸೀಲಂಟ್ ಯಾವ ಬಗೆಯದು, ಎಷ್ಟು ದಪ್ಪ ಹಚ್ಚಿದ್ದೀರಿ, ಜೋಡಣೆ ಆಯಿಲ್ ಮಟ್ಟಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಕಾಯುವ ಹೊತ್ತಿಗಿಂತ ಹಚ್ಚುವ ರೀತಿಯಲ್ಲೇ ಹೆಚ್ಚಿನವರು ತಪ್ಪುತ್ತಾರೆ. ಹಾಗಾಗಿ ಆ ಭಾಗ ಇಲ್ಲಿ ತುಸು ಉದ್ದವಾಗಿದೆ.

ಸುತ್ತುಬಳಸು ಬೇಡ. ಎಷ್ಟು ಗಂಟೆ ಬಿಡಬೇಕು?

ಸಾಮಾನ್ಯ ಆರ್‌ಟಿವಿ ಸಿಲಿಕೋನ್ (ಕೋಣೆಯ ತಾಪಮಾನದಲ್ಲೇ ರಬ್ಬರ್ ಆಗುವ ಪೇಸ್ಟ್) ಆದರೆ ಬೋಲ್ಟ್ ಬಿಗಿದ ಹೊತ್ತಿನಿಂದ 24 ಗಂಟೆ. ಅದಾದ ಮೇಲೆ ಆಯಿಲ್ ಹಾಕಿ, ನಂತರ ಸ್ಟಾರ್ಟ್ ಮಾಡಿ. ಚಳಿ ಅಥವಾ ತೀರಾ ಒಣ ಹವೆ ಇದ್ದರೆ 48 ಗಂಟೆ. ಟ್ಯೂಬ್ ಮೇಲೆ ಬೇರೆ ಸಮಯ ಅಚ್ಚಾಗಿದ್ದರೆ ಅದನ್ನೇ ನಂಬಿ. ಒಂದೂವರೆ ಗಂಟೆಯಲ್ಲೇ ಎಂಜಿನ್ ಓಡಿಸಬಹುದಾದ ವೇಗದ ಸೀಲಂಟ್‌ಗಳೂ ಇವೆ, ಆದರೆ ಅವುಗಳ ಮಿಶ್ರಣವೇ ಬೇರೆ. ಆ ಸಮಯವನ್ನು ಸಾಮಾನ್ಯ ಟ್ಯೂಬ್‌ಗೆ ಅನ್ವಯಿಸಬೇಡಿ.

ಟ್ಯೂಬ್ ಮೇಲೆ 10 ನಿಮಿಷ, 1 ಗಂಟೆ, 24 ಗಂಟೆ ಎಂದು ಮೂರು ಬೇರೆ ಬೇರೆ ಸಮಯ ಬರೆದಿದೆ. ಯಾವುದನ್ನು ನೋಡಬೇಕು?

ಮೂರನ್ನೂ ನೋಡಬೇಕು, ಒಂದೊಂದಕ್ಕೂ ಒಂದೊಂದು ಕೆಲಸ. 10 ನಿಮಿಷ ಎಂದರೆ ಮೇಲ್ಪದರಕ್ಕೆ ಪೊರೆ ಕಟ್ಟುವ ಸಮಯ. ಅಷ್ಟರೊಳಗೆ ಕವರ್ ಕೂರಿಸಿರಬೇಕು. 1 ಗಂಟೆ ಎಂದರೆ ಭಾಗವನ್ನು ಮುಟ್ಟಿದರೆ ಕದಲದಷ್ಟು ಗಟ್ಟಿಯಾಗುವ ಸಮಯ. 24 ಗಂಟೆ ಎಂದರೆ ಒಳಗಿನವರೆಗೂ ರಬ್ಬರ್ ಆಗಿ, ಆಯಿಲ್ ಮತ್ತು ಒತ್ತಡವನ್ನು ತಾಳಿಕೊಳ್ಳುವ ಸಮಯ. ಸಾಕಷ್ಟು ಕಾಯದೆ ಬರುವ ಸೋರಿಕೆಗಳು ಹೆಚ್ಚಾಗಿ ನಡುವಿನದನ್ನು ಕೊನೆಯದೆಂದು ಓದಿಕೊಂಡವರ ಎಂಜಿನ್‌ನಲ್ಲಿ ಕಾಣುತ್ತವೆ.

ಆರ್‌ಟಿವಿ ನಿಜವಾಗಿ ಒಣಗುವುದು ಹೇಗೆ?

ಅದು ಬಟ್ಟೆಯ ಹಾಗೆ ಒಣಗುವುದಿಲ್ಲ. ಅದರಿಂದ ನೀರು ಹೋಗುವುದಿಲ್ಲ, ಗಾಳಿಯಲ್ಲಿರುವ ತೇವಾಂಶ ಅದರೊಳಗೆ ಹೋಗಬೇಕು. ತೇವಾಂಶ ತಗುಲಿದಲ್ಲಿ ಸಿಲಿಕೋನ್ ಸರಪಳಿಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ರಬ್ಬರ್ ಆಗುತ್ತವೆ. ಹೀಗಾಗಿ ಮೊದಲು ಹೊರಗಿನ ಪದರ ಗಟ್ಟಿಯಾಗುತ್ತದೆ, ಮುಂದಿನ ತೇವಾಂಶ ಆ ಪದರವನ್ನೇ ದಾಟಿ ಒಳಗೆ ಇಳಿಯಬೇಕು. ಸುಮಾರು 25 ಡಿಗ್ರಿ ಸೆಲ್ಸಿಯಸ್, 50 ಶೇಕಡಾ ಆರ್ದ್ರತೆಯಲ್ಲಿ ಮೊದಲ ದಿನ 2ರಿಂದ 3 ಮಿ.ಮೀ. ಆಳದವರೆಗೆ ಗಟ್ಟಿಯಾಗುತ್ತದೆ. ಆಮೇಲೆ ವೇಗ ಇಳಿಯುತ್ತದೆ. ಎರಡು ಪಟ್ಟು ಆಳಕ್ಕೆ ಸುಮಾರು ನಾಲ್ಕು ಪಟ್ಟು ಸಮಯ ಬೇಕು. ದಪ್ಪಗೆ ಹಚ್ಚಿದರೆ ಒಂದು ದಿನ ಹೆಚ್ಚು ಕಾದರೆ ಸರಿಹೋಗುತ್ತದೆ ಎಂಬ ಲೆಕ್ಕ ನಿಲ್ಲದಿರುವುದು ಇದಕ್ಕೇ.

ಇನ್ನೊಂದು ಸೂಕ್ಷ್ಮವಿದೆ. ರಟ್ಟಿನ ಮೇಲೆ ಹಾಕಿದ ಸೀಲಂಟ್ ಗೆರೆಗೆ ಮೇಲಿನಿಂದಲೂ ಪಕ್ಕಗಳಿಂದಲೂ ಗಾಳಿ ತಗುಲುತ್ತದೆ. ಒಂದಕ್ಕೊಂದು ಕೂರುವ ಎರಡು ಅಲ್ಯೂಮಿನಿಯಂ ಮುಖಗಳ ನಡುವೆ ಸಿಕ್ಕಿಕೊಂಡ ಸೀಲಂಟ್‌ಗೆ ಗಾಳಿ ಸಿಗುವುದು ಅಂಚುಗಳಲ್ಲಿ ಮಾತ್ರ. 6 ಮಿ.ಮೀ. ಅಗಲದ ಮುಖವಾದರೆ ಎರಡೂ ಅಂಚಿನಿಂದ ತಲಾ 3 ಮಿ.ಮೀ. ದಾರಿ. 24 ಗಂಟೆ ಎಂಬುದು ಆ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ, ಅದರಲ್ಲಿ ಹೆಚ್ಚುವರಿ ಎನ್ನುವಂಥದ್ದೇನೂ ಇಲ್ಲ.

ಎಲ್ಲ ಸೀಲಂಟೂ ಹೀಗೇನಾ?

ಅಲ್ಲ. ಎಂಜಿನ್ ಕೆಲಸದಲ್ಲಿ ಮೂರು ಬಗೆ ಸಿಗುತ್ತವೆ, ಮೂರಕ್ಕೂ ನಿಯಮ ಬೇರೆ.

ಮೊದಲನೆಯದು ಮೇಲೆ ಹೇಳಿದ ಆರ್‌ಟಿವಿ. ಥ್ರೀಬಾಂಡ್ 1215ರಂಥ ಬೂದು ಬಣ್ಣದವು ಈ ಗುಂಪಿಗೆ ಸೇರಿದವು.

ಎರಡನೆಯದು ಅನ್‌ಏರೋಬಿಕ್, ಉದಾಹರಣೆಗೆ ಲಾಕ್ಟೈಟ್ 518. ಇದು ಆರ್‌ಟಿವಿಗೆ ಪೂರ್ತಿ ಉಲ್ಟಾ. ಗಾಳಿ ಇಲ್ಲದ ಕಡೆ, ಲೋಹದ ಸಂಪರ್ಕದಲ್ಲಿ ಮಾತ್ರ ಗಟ್ಟಿಯಾಗುತ್ತದೆ. ಹೊರಗೆ ಉಕ್ಕಿದ್ದು ವಾರ ಬಿಟ್ಟರೂ ದ್ರವವಾಗೇ ಇರುತ್ತದೆ, ಒರೆಸಿ ಹಾಕಿ. ಒಳಗೆ ಉಕ್ಕಿದ್ದು ಆಯಿಲ್‌ನಲ್ಲಿ ಕರಗಿ ಹೋಗುತ್ತದೆ, ತುಂಡಾಗಿ ಆಯಿಲ್ ಪಂಪ್‌ನ ಜಾಲರಿಗೆ ಸಿಕ್ಕಿಕೊಳ್ಳುವುದಿಲ್ಲ. ನುಣುಪಾಗಿ ಮೆಷಿನ್ ಮಾಡಿದ ಕ್ರ್ಯಾಂಕ್‌ಕೇಸ್ ಮುಖಗಳಿಗೆ ನಮ್ಮ ಒಲವು ಇದರ ಕಡೆಗೇ, ಮ್ಯಾನುಯಲ್ ಬೇರೆಯದನ್ನು ಹೇಳದಿದ್ದರೆ. ಆದರೆ ಇದು ಕಾಲು ಮಿ.ಮೀ.ಗಿಂತ ದೊಡ್ಡ ಸಂದನ್ನು ತುಂಬಲಾರದು, ಪೇಪರ್ ಪ್ಯಾಕಿಂಗ್ (ಕಾಗದದ ಗ್ಯಾಸ್ಕೆಟ್) ಜೊತೆಗೂ ಕೆಲಸ ಮಾಡದು. ಉಕ್ಕಿನ ಮೇಲೆ ಹಿಡಿಯುವಷ್ಟು ಬೇಗ ಅಲ್ಯೂಮಿನಿಯಂ ಮೇಲೆ ಹಿಡಿಯುವುದಿಲ್ಲ. ಚಳಿಯಲ್ಲಿ ಇನ್ನೂ ನಿಧಾನ. ಆಗ ಆ ಕಂಪನಿಯದೇ ಆಕ್ಟಿವೇಟರ್ ಸ್ಪ್ರೇ ನೆರವಾಗುತ್ತದೆ.

ಮೂರನೆಯದು ದ್ರಾವಕ ಆರಿ ಅಂಟಾಗುವ, ಪೂರ್ತಿ ಗಟ್ಟಿಯಾಗದ ಬಗೆ. ಇದನ್ನು ತೆಳ್ಳಗೆ ಸವರಿ, ದ್ರಾವಕ ಆರಲು ಟ್ಯೂಬ್ ಹೇಳಿದಷ್ಟು ನಿಮಿಷ ತೆರೆದಿಟ್ಟು, ಅಂಟಂಟಾದ ಮೇಲೆ ಜೋಡಿಸಬೇಕು. ಆರ್‌ಟಿವಿಯನ್ನು ಹೀಗೆ ಕಾಯಿಸಿದರೆ ಪೊರೆ ಕಟ್ಟಿ ಕೆಡುತ್ತದೆ, ಇದನ್ನು ಆರ್‌ಟಿವಿಯಂತೆ ಹಸಿಯಾಗೇ ಮುಚ್ಚಿದರೆ ದ್ರಾವಕ ಒಳಗೇ ಸಿಕ್ಕಿಬೀಳುತ್ತದೆ. ಕೈಯಲ್ಲಿರುವುದು ಯಾವ ಬಗೆ ಎಂದು ಗೊತ್ತಾಗದಿದ್ದರೆ ಹಚ್ಚಲೇಬೇಡಿ.

ಪ್ಯಾಕಿಂಗ್ ಹೊಸದಿದೆ. ಅದರ ಎರಡೂ ಬದಿಗೆ ಸೀಲಂಟ್ ಹಚ್ಚಿದರೆ ಇನ್ನೂ ಭದ್ರ ಅಲ್ಲವೇ?

ಅಲ್ಲ. ಪೇಪರ್ ಪ್ಯಾಕಿಂಗ್‌ಗೆ ಎರಡೂ ಬದಿ ಸಿಲಿಕೋನ್ ಬಳಿದರೆ ಬೋಲ್ಟ್ ಬಿಗಿಯುವಾಗ ಅದು ಜಾರಿ ಹೊರಗೆ ತಳ್ಳಿಕೊಳ್ಳುತ್ತದೆ. ಒಣದಾಗಿ ಕೂರಿಸಿ. ಹೆಡ್ ಗ್ಯಾಸ್ಕೆಟ್, ಒ-ರಿಂಗ್, ಡ್ರೈನ್ ಬೋಲ್ಟ್ ವಾಷರ್‌ಗಳಿಗೂ ಸೀಲಂಟ್ ಬೇಡ.

ಬೇಕಾಗುವ ಜಾಗ ಕೆಲವೇ. ಪ್ಯಾಕಿಂಗ್ ಇಲ್ಲದೆ ತಯಾರಾದ ಕ್ರ್ಯಾಂಕ್‌ಕೇಸ್ ಮತ್ತು ಕವರ್ ಮುಖಗಳು. ಹೆಡ್ ಕವರ್ ರಬ್ಬರಿನ ಅರ್ಧಚಂದ್ರಾಕಾರದ ಮೂಲೆಗಳು. ಮ್ಯಾಗ್ನೆಟ್ ಕವರ್‌ನಿಂದ ವೈರ್ ಹೊರಬರುವ ರಬ್ಬರ್ ಗ್ರೊಮೆಟ್. ಕ್ರ್ಯಾಂಕ್‌ಕೇಸ್‌ನ ಎರಡು ಅರ್ಧಗಳು ಸೇರುವ ಗೆರೆಯ ಮೇಲೆ ಕವರ್ ಪ್ಯಾಕಿಂಗ್ ಹಾದುಹೋಗುವ ಜಾಗ. ಈ ಕೊನೆಯದಕ್ಕೆ ಸಾಸಿವೆ ಕಾಳಿನಷ್ಟು ಚುಕ್ಕೆ ಸಾಕು. ಪೇಪರ್ ಪ್ಯಾಕಿಂಗ್ ಇದ್ದೂ ಕ್ಲಚ್ ಕವರ್ ಮೇಲ್ಗಡೆ ಅಥವಾ ಕೆಳಗಡೆ ಸರಿಯಾಗಿ ಒಂದೇ ಚುಕ್ಕೆಯಲ್ಲಿ ಜಿನುಗುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದೇ ಗೆರೆಯನ್ನು.

ಮುಖಗಳನ್ನು ಎಷ್ಟರ ಮಟ್ಟಿಗೆ ಸ್ವಚ್ಛ ಮಾಡಬೇಕು?

ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬಿಳಿಯಾಗೇ ಉಳಿಯುವಷ್ಟು.

ಹಳೆಯ ಸೀಲಂಟ್ ಒಂದು ಚೂರೂ ಉಳಿಯಬಾರದು, ಏಕೆಂದರೆ ಹೊಸ ಸಿಲಿಕೋನ್ ಗಟ್ಟಿಯಾದ ಹಳೆ ಸಿಲಿಕೋನ್‌ಗೆ ಹಿಡಿದುಕೊಳ್ಳುವುದಿಲ್ಲ. ಪ್ಲಾಸ್ಟಿಕ್ ಅಥವಾ ಗಟ್ಟಿ ನೈಲಾನ್ ಕೆರೆಯುವ ಪಟ್ಟಿ ಬಳಸಿ, ಬಿಡದ ಜಾಗಕ್ಕೆ ಗ್ಯಾಸ್ಕೆಟ್ ರಿಮೂವರ್ ಹಾಕಿ. ಸ್ಕ್ರೂಡ್ರೈವರ್‌ನಿಂದ ಎಬ್ಬಿದರೆ ಅಲ್ಯೂಮಿನಿಯಂ ಮೇಲೆ ಅಡ್ಡ ಗೀರು ಬಿದ್ದು, ಒಳಗಿಂದ ಹೊರಗೆ ಆಯಿಲ್‌ಗೆ ದಾರಿಯಾಗುತ್ತದೆ. ಡ್ರಿಲ್‌ಗೆ ಸಿಕ್ಕಿಸುವ ಉಜ್ಜುವ ಡಿಸ್ಕ್ ಇನ್ನೂ ಅಪಾಯ. ಅದರಿಂದ ಉದುರುವ ಸಣ್ಣ ಹರಳುಗಳು ಆಯಿಲ್ ಜೊತೆ ಬೇರಿಂಗ್‌ಗೆ ಹೋಗುತ್ತವೆ. ಕೆರೆಯುವ ಮೊದಲು ಎಂಜಿನ್ ಬಾಯಿಗೆ ಬಟ್ಟೆ ತುರುಕಿ, ಮುಗಿದ ಮೇಲೆ ತುರುಕಿದ ಬಟ್ಟೆಗಳನ್ನು ಎಣಿಸಿ ತೆಗೆಯಿರಿ.

ಕೊನೆಯ ಒರೆಸುವಿಕೆಗೆ ಬ್ರೇಕ್ ಕ್ಲೀನರ್, ಐಸೊಪ್ರೊಪೈಲ್ ಆಲ್ಕೋಹಾಲ್ ಅಥವಾ ಅಸಿಟೋನ್. ಪೆಟ್ರೋಲ್, ಸೀಮೆಎಣ್ಣೆ ಬೇಡ, ಎರಡೂ ಜಿಡ್ಡು ಉಳಿಸುತ್ತವೆ. ಬೋಲ್ಟ್ ತೂತುಗಳನ್ನು ಮರೆಯಬೇಡಿ: ತಳ ಮುಚ್ಚಿದ ತೂತಿನಲ್ಲಿ ಆಯಿಲ್ ಅಥವಾ ಕ್ಲೀನರ್ ನಿಂತಿದ್ದರೆ ಬೋಲ್ಟ್ ಇಳಿಯುವಾಗ ದ್ರವಕ್ಕೆ ಹೋಗಲು ಜಾಗವಿರುವುದಿಲ್ಲ. ಟಾರ್ಕ್ (ಬೋಲ್ಟ್ ತಿರುಗಿಸುವ ಬಲ) ಓದು ಸುಳ್ಳಾಗುತ್ತದೆ, ಕೆಟ್ಟ ಗಳಿಗೆಯಲ್ಲಿ ಕೇಸೇ ಬಿರುಕು ಬಿಡುತ್ತದೆ.

ಒರೆಸಿ ಸೀಲಂಟ್ ತರುವಷ್ಟರಲ್ಲಿ ಕೆಳ ಅಂಚಿಗೆ ಮತ್ತೆ ಆಯಿಲ್ ಇಳಿದಿರುತ್ತದೆ. ಏನು ಮಾಡುವುದು?

ಸೋರುವ ಕವರ್‌ಗಳಲ್ಲಿ ಹೆಚ್ಚಿನವು ಕೆಳ ಅಂಚಿನಲ್ಲೇ ಸೋರಲು ಇದು ಮುಖ್ಯ ಕಾರಣ. ಆಯಿಲ್ ಪೂರ್ತಿ ಇಳಿಸಿ, ಸಾಧ್ಯವಾದರೆ ರಾತ್ರಿಯಿಡೀ ತೊಟ್ಟಿಕ್ಕಲು ಬಿಡಿ. ಆಮೇಲೆ ಕೆಲಸದ ಬದಿ ಮೇಲಾಗುವಂತೆ ಗಾಡಿ ವಾಲಿಸಿ. ಬಹುತೇಕ ಬೈಕ್‌ಗಳಲ್ಲಿ ಕ್ಲಚ್ ಬಲಕ್ಕಿರುತ್ತದೆ. ಸೈಡ್ ಸ್ಟ್ಯಾಂಡ್ ಹಾಕಿದರೆ ಗಾಡಿ ಎಡಕ್ಕೆ ವಾಲಿ ಆಯಿಲ್ ತಾನಾಗೇ ದೂರ ಸರಿಯುತ್ತದೆ. ಎಡಗಡೆಯ ಮ್ಯಾಗ್ನೆಟ್ ಕವರ್‌ಗೆ ಈ ಅನುಕೂಲವಿಲ್ಲ, ಗಾಡಿಯನ್ನು ನೆಟ್ಟಗೆ ಅಥವಾ ಸ್ವಲ್ಪ ಬಲಕ್ಕೆ ವಾಲಿಸಿ ಭದ್ರವಾಗಿ ಕಟ್ಟಬೇಕು. ಕೆಳ ಅಂಚಿನ ಒಳಗೆ ಮಡಿಸಿದ ಬಟ್ಟೆಯ ತುಂಡಿಟ್ಟು, ಕವರ್ ಮುಚ್ಚುವ ಕ್ಷಣದಲ್ಲಿ ತೆಗೆಯಿರಿ. ಸೀಲಂಟನ್ನು ಎಂಜಿನ್ ಮುಖಕ್ಕಲ್ಲ, ಕವರ್ ಮುಖಕ್ಕೆ ಹಚ್ಚಿ. ಕವರ್ ಕೈಯಲ್ಲಿರುತ್ತದೆ, ಒಣಗಿರುತ್ತದೆ, ಆರಾಮವಾಗಿ ಗೆರೆ ಎಳೆಯಬಹುದು.

ಎಷ್ಟು ದಪ್ಪ ಹಚ್ಚಬೇಕು?

ಸಾಮಾನ್ಯ ಕವರ್‌ಗೆ 1.5ರಿಂದ 2 ಮಿ.ಮೀ. ದಪ್ಪದ ಒಂದೇ ಗೆರೆ, ನಡುವೆ ಎಲ್ಲೂ ಕಡಿಯದೆ. ಟ್ಯೂಬಿನ ಮೂತಿಯನ್ನು ಆ ಅಳತೆಗೇ ಕತ್ತರಿಸಿ. ಪ್ರತಿ ಬೋಲ್ಟ್ ತೂತಿನ ಬಳಿ ಗೆರೆ ಒಳಬದಿಯಿಂದ ಸುತ್ತಿ ಹೋಗಬೇಕು. ಹೊರಬದಿಯಿಂದ ಹೋದರೆ ಆಯಿಲ್ ಬೋಲ್ಟ್ ಎಳೆಗಳ ಮೂಲಕ ಹೊರಬರುತ್ತದೆ. ಆಯಿಲ್ ದಾರಿಯ ತೂತುಗಳಿಂದ 2-3 ಮಿ.ಮೀ. ದೂರವಿರಿ.

ಬಿಗಿದ ಮೇಲೆ ಹೊರಗೆ ನೂಲಿನಷ್ಟು ಉಕ್ಕಿದರೆ ಸರಿ. ಹೊರಗೆ ಉಕ್ಕಿದಷ್ಟೇ ಒಳಗೂ ಉಕ್ಕಿರುತ್ತದೆ ಎಂಬುದನ್ನು ನೆನಪಿಡಿ. ಒಳಗಿನ ದಪ್ಪ ಅಂಚು ಒಂದಲ್ಲ ಒಂದು ದಿನ ಕಳಚಿ ಆಯಿಲ್ ಪಂಪ್‌ನ ಜಾಲರಿಗೆ ಅಂಟುತ್ತದೆ. ಕೆಲವು ಆಯಿಲ್ ಜೆಟ್‌ಗಳ ತೂತು ಸುಮಾರು 1 ಮಿ.ಮೀ. ಮಾತ್ರ, ಅದನ್ನು ಮುಚ್ಚಲು ಸಿಲಿಕೋನ್‌ನ ಒಂದು ಚೂರು ಸಾಕು. ಹೊರಗೆ ಜಿನುಗುವ ಆಯಿಲ್ ಕಣ್ಣಿಗೆ ಕಾಣುತ್ತದೆ, ಈ ಚೂರು ಕಾಣುವುದಿಲ್ಲ. ಕಡಿಮೆ ಹಚ್ಚಿ ಸೋರಿದರೆ ಮತ್ತೆ ಬಿಚ್ಚಬಹುದು, ಹೆಚ್ಚು ಹಚ್ಚಿದರೆ ಎಂಜಿನ್ನೇ ಹೋದೀತು.

ಅಡ್ಡಲಾಗಿ ಸೀಳಿದ ಕ್ರ್ಯಾಂಕ್‌ಕೇಸ್‌ನಲ್ಲಿ, ಅಂದರೆ ಮೇಲಿನ ಮತ್ತು ಕೆಳಗಿನ ಅರ್ಧಗಳು ಸೇರಿ ಬೇರಿಂಗ್ ಶೆಲ್‌ಗಳನ್ನು (ಶಾಫ್ಟ್ ತಿರುಗುವ ಅರ್ಧವೃತ್ತದ ಲೋಹದ ಪಟ್ಟಿಗಳನ್ನು) ಹಿಡಿಯುವ ಎಂಜಿನ್‌ಗಳಲ್ಲಿ, ದಪ್ಪದ ವಿಷಯ ಇನ್ನೂ ಸೂಕ್ಷ್ಮ. ಸೀಲಂಟ್ ಪದರ ಉಳಿದಷ್ಟೂ ಬೇರಿಂಗ್ ಸಂದು ಹಿಗ್ಗುತ್ತದೆ. ಅಲ್ಲಿ ಬೆರಳಲ್ಲಿ ಸವರಿದಷ್ಟು ತೆಳು ಪದರ, ಶೆಲ್‌ನ ಹತ್ತಿರಕ್ಕೆ ಬಾರದಂತೆ.

ಕವರ್ ಕೂರಿಸುವಾಗ ಸೀಲಂಟ್ ಕೆದರಿಹೋಗುತ್ತದೆ. ತಪ್ಪಿಸುವುದು ಹೇಗೆ?

ಸೀಲಂಟ್ ಇಲ್ಲದೆ ಒಮ್ಮೆ ಪೂರ್ತಿ ಕೂರಿಸಿ ನೋಡಿ. ಕಿಕ್ ಶಾಫ್ಟ್ ಎಲ್ಲಿ ತಡೆಯುತ್ತದೆ, ಕ್ಲಚ್ ಲಿವರ್ ಯಾವ ಕೋನದಲ್ಲಿದ್ದರೆ ಕವರ್ ಸಲೀಸಾಗಿ ಹೋಗುತ್ತದೆ, ಕವರನ್ನು ಸರಿಯಾದ ಜಾಗಕ್ಕೆ ಕೂರಿಸುವ ಡೋವೆಲ್ ಪಿನ್‌ಗಳು ಜಾಗದಲ್ಲಿವೆಯೇ ಎಂಬುದೆಲ್ಲ ಆಗಲೇ ಗೊತ್ತಾಗುತ್ತದೆ.

ಮ್ಯಾಗ್ನೆಟ್ ಕವರ್‌ನದು ಬೇರೆಯೇ ಕಥೆ. ಕವರ್ ಹತ್ತಿರ ಬಂದ ಕೂಡಲೇ ಎಂಜಿನ್ ಬದಿಯ ರೋಟರ್‌ನ ಅಯಸ್ಕಾಂತ ಕವರ್ ಒಳಗಿನ ಸ್ಟೇಟರನ್ನು (ತಂತಿ ಸುರುಳಿಗಳನ್ನು) ಓರೆಯಾಗಿ ಸೆಳೆದುಕೊಳ್ಳುತ್ತದೆ, ಟಪ್ ಎಂದು ಬಡಿದು ಗೆರೆ ಒಂದು ಬದಿಗೆ ಒರೆಸಿಹೋಗುತ್ತದೆ. ಬೆರಳೂ ಸಿಕ್ಕಿಕೊಳ್ಳಬಹುದು. ಎದುರುಬದುರಿನ ಎರಡು ತೂತುಗಳಿಗೆ ತಲೆ ಕತ್ತರಿಸಿದ ಉದ್ದ ಎಂ6 (6 ಮಿ.ಮೀ.) ಬೋಲ್ಟ್‌ಗಳನ್ನು ತಿರುಗಿಸಿಟ್ಟರೆ ಕವರ್ ಅವುಗಳ ಮೇಲೆ ನೇರವಾಗಿ ಜಾರಿ ಬರುತ್ತದೆ. ಉಳಿದ ಬೋಲ್ಟ್ ಹಿಡಿದ ಮೇಲೆ ಅವನ್ನು ತೆಗೆಯಿರಿ.

ಒಮ್ಮೆ ತಗುಲಿದ ಕವರನ್ನು ಎತ್ತಿ ಮತ್ತೆ ಕೂರಿಸಬೇಡಿ. ಎತ್ತಲೇಬೇಕಾಗಿ ಬಂದರೆ ಎಲ್ಲ ಒರೆಸಿ ಹೊಸದಾಗಿ ಹಚ್ಚಿ.

ಕೈಯಲ್ಲಿ ಬಿಗಿದು ಒಂದು ಗಂಟೆ ಬಿಟ್ಟು, ಆಮೇಲೆ ಪೂರ್ತಿ ಬಿಗಿಯಬೇಕು ಎನ್ನುತ್ತಾರೆ. ಸರಿಯೇ?

ಎಲ್ಲ ಕಡೆ ಅಲ್ಲ. ಈ ಸಲಹೆ ಕೆಲವು ಟ್ಯೂಬ್‌ಗಳ ಮೇಲೆ ನಿಜವಾಗಿಯೂ ಇದೆ. ತಗಡಿನ ಕವರ್‌ನಂತೆ ಸೊಟ್ಟಪಟ್ಟ ಮುಖಗಳ ನಡುವೆ ಸೀಲಂಟೇ ಪ್ಯಾಕಿಂಗ್ ಆಗಿ ಉಳಿಯಬೇಕಾದಲ್ಲಿ ಅದಕ್ಕೆ ಅರ್ಥವಿದೆ. ಬೈಕ್ ಎಂಜಿನ್‌ನ ಮೆಷಿನ್ ಮಾಡಿದ ಮುಖಗಳಿಗೆ ಅದು ಹೊಂದುವುದಿಲ್ಲ. ಅಲ್ಲಿ ಲೋಹ ಲೋಹಕ್ಕೆ ಕೂರಬೇಕು, ಸೀಲಂಟ್ ಉಳಿದ ಸೂಕ್ಷ್ಮ ತಗ್ಗುಗಳನ್ನು ಮಾತ್ರ ತುಂಬಬೇಕು. ಅರ್ಧ ಗಟ್ಟಿಯಾದ ಮೇಲೆ ಬಿಗಿದರೆ ರಬ್ಬರ್ ಪದರ ಹರಿಯುತ್ತದೆ, ಇಲ್ಲವೇ ದಪ್ಪ ಉಳಿದು ಬೋಲ್ಟ್ ಮುಂದೆ ಸಡಿಲಾಗುತ್ತದೆ.

ಹಾಗಾಗಿ ಹಸಿ ಇರುವಾಗಲೇ, ಎದುರುಬದುರು ಕ್ರಮದಲ್ಲಿ, ಎರಡು ಮೂರು ಸುತ್ತಿನಲ್ಲಿ ಪೂರ್ತಿ ಟಾರ್ಕ್‌ಗೆ ತನ್ನಿ. ಎಂ6 ಕವರ್ ಬೋಲ್ಟ್‌ಗಳಿಗೆ ಸಾಮಾನ್ಯವಾಗಿ 10ರಿಂದ 12 ನ್ಯೂಟನ್ ಮೀಟರ್. ನಿಮ್ಮ ಮ್ಯಾನುಯಲ್‌ನ ಸಂಖ್ಯೆಯೇ ಅಂತಿಮ. ಮರುದಿನ "ಒಂದು ಕೈ ಬಿಗಿ" ಮಾಡಬೇಡಿ. ಗಟ್ಟಿಯಾದ ಪದರ ಒಡೆಯಲು ಅಷ್ಟೇ ಸಾಕು.

ಆಯಿಲ್ ಈಗಲೇ ಹಾಕಿ, ನಾಳೆ ಸ್ಟಾರ್ಟ್ ಮಾಡಿದರೆ?

ಬೇಡ. ಕ್ಲಚ್ ಕವರ್, ಆಯಿಲ್ ಸಂಪ್, ಕ್ರ್ಯಾಂಕ್‌ಕೇಸ್ ಜೋಡಣೆ ಇವೆಲ್ಲ ಪೂರ್ತಿಯಾಗಿ ಅಥವಾ ಭಾಗಶಃ ಆಯಿಲ್ ಮಟ್ಟದ ಕೆಳಗಿವೆ. ಹಸಿ ಸೀಲಂಟ್‌ಗೆ ಆಯಿಲ್ ತಗುಲಿದರೆ ಒಳ ಅಂಚಿಗೆ ತೇವಾಂಶ ಸಿಗುವುದು ನಿಲ್ಲುತ್ತದೆ, ಅಂಚು ಮೆತ್ತಗಾಗಿ ಲೋಹದಿಂದ ಬಿಡುತ್ತದೆ. ಆಯಿಲ್ ಹಾಕುವ ಮುಚ್ಚಳ ತೆರೆದಿಟ್ಟು, ಧೂಳು ಬೀಳದಂತೆ ತೆಳು ಬಟ್ಟೆ ಹೊದಿಸಿದರೆ ಒಳಗೂ ಗಾಳಿ ಆಡುತ್ತದೆ.

ಹೆಡ್ ಕವರ್ ಮೂಲೆಗಳಿಗೆ ಮಾತ್ರ ಹಚ್ಚಿದ್ದರೆ ಆಯಿಲ್ ಹಾಕುವುದಕ್ಕೆ ಅಡ್ಡಿಯಿಲ್ಲ. ಸ್ಟಾರ್ಟ್ ಮಾಡುವುದಕ್ಕೆ ಮಾತ್ರ ಕಾಯಿರಿ.

ಹೇರ್ ಡ್ರೈಯರ್ ಅಥವಾ ಹ್ಯಾಲೊಜನ್ ದೀಪ ಹಿಡಿದು ಬೇಗ ಒಣಗಿಸಬಹುದೇ?

ಬಿಸಿ ಗಾಳಿ ಒಣ ಗಾಳಿ. ಮೇಲ್ಪದರ ಬೇಗ ಗಟ್ಟಿಯಾಗಬಹುದು, ಒಳಗಿನದಕ್ಕೆ ಬೇಕಾದ ತೇವಾಂಶ ಮಾತ್ರ ಕಡಿಮೆಯಾಗುತ್ತದೆ. ಚಳಿಯಲ್ಲಿ ಬೇಕಾದರೆ ಕೋಣೆಯನ್ನು 20-25 ಡಿಗ್ರಿಗೆ ಬೆಚ್ಚಗಿಟ್ಟು, ಎಂಜಿನ್ ಪಕ್ಕದಲ್ಲಿ ಅಗಲ ಪಾತ್ರೆಯಲ್ಲಿ ನೀರಿಟ್ಟು, ಮೇಲಿಂದ ಪ್ಲಾಸ್ಟಿಕ್ ಹೊದಿಕೆ ಇಳಿಬಿಡಿ. ಎಂಜಿನ್ ಓಡಿಸಿ ಬಿಸಿ ಮಾಡುವುದಂತೂ ಕೆಲಸ ಕೆಡಿಸುವ ಖಚಿತ ದಾರಿ.

ಮಳೆಗಾಲದಲ್ಲಿ?

ಬೇಗ ಗಟ್ಟಿಯಾಗುತ್ತದೆ. ಪೊರೆಯೂ ಬೇಗ ಕಟ್ಟುತ್ತದೆ, 10 ನಿಮಿಷದ ಬದಲು 5 ನಿಮಿಷದಲ್ಲಿ ಮುಗಿಸುವ ತಯಾರಿ ಇರಲಿ. ತಣ್ಣಗಿನ ಲೋಹದ ಮೇಲೆ ಇಬ್ಬನಿ ಹಿಡಿದಿದ್ದರೆ ಹಚ್ಚುವ ಮೊದಲು ಒರೆಸಿ.

ತೀರಾ ಅರ್ಜೆಂಟ್. ನಾಲ್ಕು ಗಂಟೆ ಬಿಟ್ಟು ಓಡಿಸಿದರೆ ಏನಾಗುತ್ತದೆ?

ಏನೂ ಆಗದೇ ಇರಬಹುದು, ಮುಖಗಳು ಚೆನ್ನಾಗಿದ್ದು ಪದರ ತೆಳ್ಳಗಿದ್ದರೆ. ಆದರೆ ಎಂಜಿನ್ ಓಡುವಾಗ ಪಿಸ್ಟನ್ ಕೆಳಗಿಳಿದು ಕ್ರ್ಯಾಂಕ್‌ಕೇಸ್ ಒಳಗಿನ ಗಾಳಿಯನ್ನು ಒತ್ತುತ್ತದೆ, ಪಿಸ್ಟನ್ ರಿಂಗ್ ದಾಟಿ ಬಂದ ಅನಿಲವೂ ಅದಕ್ಕೆ ಸೇರುತ್ತದೆ. ಈ ಒತ್ತಡದ ಬಡಿತ ಹಸಿ ಸೀಲಂಟಿನಲ್ಲಿ ಕೂದಲೆಳೆಯಷ್ಟು ಸುರಂಗ ಕೊರೆಯುತ್ತದೆ. ಸುರಂಗದ ಸುತ್ತ ಸೀಲಂಟ್ ಆಮೇಲೆ ಗಟ್ಟಿಯಾಗುತ್ತದೆ, ಸುರಂಗ ಹಾಗೇ ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಗೆರೆ ಅಚ್ಚುಕಟ್ಟು, ಆದರೂ ಜಿನುಗು ನಿಲ್ಲದು.

ಗಟ್ಟಿಯಾಗಿದೆಯೋ ಇಲ್ಲವೋ ಹೇಗೆ ತಿಳಿಯುವುದು?

ಹೊರಗೆ ಉಕ್ಕಿದ ಅಂಚನ್ನು ಉಗುರಲ್ಲಿ ಒತ್ತಿದರೆ ಗುರುತು ಉಳಿಯದೆ ಪುಟಿಯಬೇಕು. ಇದು ಹೊರಗಿನ ಸುದ್ದಿ ಮಾತ್ರ. ಒಳಗಿನದಕ್ಕೆ ಹತ್ತಿರದ ಪರೀಕ್ಷೆ ಬೇಕಿದ್ದರೆ ಕೆಲಸದ ಹೊತ್ತಿನಲ್ಲೇ ಎರಡು ಲೋಹದ ತುಂಡುಗಳ ನಡುವೆ ಅದೇ ಸೀಲಂಟ್ ಇಟ್ಟು ಒತ್ತಿ ಕಟ್ಟಿ, ಎಂಜಿನ್ ಪಕ್ಕದಲ್ಲೇ ಇಡಿ. ಮರುದಿನ ಬಿಡಿಸಿ ನೋಡಿ: ನಡುವೆ ಪೇಸ್ಟ್ ಇದ್ದರೆ ಎಂಜಿನ್‌ನಲ್ಲೂ ಪೇಸ್ಟೇ.

ಎರಡು ದಿನವಾದರೂ ಅಂಟಂಟಾಗೇ ಇದೆ.

ಟ್ಯೂಬ್ ಅವಧಿ ಮೀರಿದೆ, ಅಥವಾ ಮುಖದಲ್ಲಿ ಆಯಿಲ್ ಇತ್ತು, ಅಥವಾ ಅದು ಆರ್‌ಟಿವಿಯೇ ಅಲ್ಲ. ಮೊದಲೆರಡಕ್ಕೂ ಬಿಚ್ಚಿ ಮತ್ತೆ ಮಾಡುವುದೊಂದೇ ದಾರಿ.

ಮೊದಲ ಸ್ಟಾರ್ಟ್ ಹೇಗೆ?

ಆಯಿಲ್ ಮಟ್ಟಕ್ಕೆ ತುಂಬಿ, ಹತ್ತು ನಿಮಿಷ ಬಿಟ್ಟು, ಜೋಡಣೆಯ ಸುತ್ತ ಒಣ ಬಟ್ಟೆ ಆಡಿಸಿ. ಐಡಲ್‌ನಲ್ಲಿ ಬಿಸಿಯಾಗುವವರೆಗೆ ಓಡಿಸಿ, ಥ್ರಾಟಲ್ ತಿರುವಬೇಡಿ. ನಿಲ್ಲಿಸಿ ಮತ್ತೆ ನೋಡಿ. ಜೋಡಣೆಯ ಉದ್ದಕ್ಕೂ ಟಾಲ್ಕಂ ಪೌಡರ್ ಉದುರಿಸಿದ್ದರೆ ಸಣ್ಣ ಜಿನುಗೂ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ತಣ್ಣಗಾದ ಮೇಲೆ ಆಯಿಲ್ ಮಟ್ಟವನ್ನು ಇನ್ನೊಮ್ಮೆ ನೋಡಿ.

ಸ್ವಲ್ಪ ಜಿನುಗುತ್ತಿದೆ. ಹೊರಗಿನಿಂದ ಬಳಿದರೆ ನಿಲ್ಲುವುದಿಲ್ಲವೇ?

ನಿಲ್ಲುವುದಿಲ್ಲ. ಆಯಿಲ್ ಒಳಗಿನಿಂದ ತಳ್ಳುತ್ತದೆ, ಜಿಡ್ಡಿನ ಮೇಲೆ ಸಿಲಿಕೋನ್ ಹಿಡಿಯುವುದಿಲ್ಲ. ಆದರೆ ಬಿಚ್ಚುವ ಮೊದಲು ಎಂಜಿನ್ ಒಳಗಿನ ಒತ್ತಡವನ್ನು ಹೊರಬಿಡುವ ಬ್ರೀದರ್ ಪೈಪ್ ನೋಡಿ: ಅದು ಮಡಚಿದ್ದರೆ ಅಥವಾ ಕಟ್ಟಿಕೊಂಡಿದ್ದರೆ ಒತ್ತಡ ಹೆಚ್ಚಿ ಎಷ್ಟೇ ಒಳ್ಳೆಯ ಜೋಡಣೆಯೂ ಸೋರುತ್ತದೆ.

ವಿನೆಗರ್ ವಾಸನೆ ಬರುವ ಸಿಲಿಕೋನ್ ಬಳಸಬಹುದೇ?

ಎಂಜಿನ್‌ಗೆ ಬೇಡ. ಅದು ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಲೋಹಕ್ಕೆ ತುಕ್ಕು ತರುತ್ತದೆ. ಸ್ನಾನದ ಮನೆಯ ಸಿಲಿಕೋನ್ ಬಹುತೇಕ ಇದೇ ಬಗೆ, ಆಯಿಲನ್ನೂ ತಾಳದು. ಆಕ್ಸಿಜನ್ ಸೆನ್ಸರ್ ಇರುವ ಗಾಡಿಗೆ "ಸೆನ್ಸರ್ ಸೇಫ್" ಎಂದು ನಮೂದಿಸಿದ ಟ್ಯೂಬನ್ನೇ ಆರಿಸಿ.

ಕಾರ್ಬ್ಯುರೇಟರ್ ಅಥವಾ ಸೈಲೆನ್ಸರ್ ಜೋಡಣೆಗೆ ಉಳಿದದ್ದನ್ನು ಹಚ್ಚಲೇ?

ಎರಡಕ್ಕೂ ಬೇಡ. ಪೆಟ್ರೋಲ್‌ನಲ್ಲಿ ಸಾಮಾನ್ಯ ಸಿಲಿಕೋನ್ ಊದಿಕೊಂಡು ಕಳಚುತ್ತದೆ, ಚೂರು ಜೆಟ್‌ಗೆ ಹೋಗುತ್ತದೆ. ಎಕ್ಸಾಸ್ಟ್ ಪೋರ್ಟ್ ಬಳಿಯ ಶಾಖ ಸಾಮಾನ್ಯ ಆರ್‌ಟಿವಿ ತಾಳುವ ಸುಮಾರು 260 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಅಲ್ಲಿಗೆ ಹೊಸ ಲೋಹದ ರಿಂಗ್ ಗ್ಯಾಸ್ಕೆಟ್ ಹಾಕಿ.

ತೆರೆದ ಟ್ಯೂಬ್ ಎಷ್ಟು ದಿನ ಬರುತ್ತದೆ?

ಒಳಗಿನ ಗಾಳಿ ಹಿಂಡಿ, ಮೂತಿಯಲ್ಲಿ ಉಳಿದದ್ದನ್ನು ತೆಗೆಯದೆ ಹಾಗೇ ಬಿಟ್ಟು, ಮುಚ್ಚಳ ಬಿಗಿದು ತಂಪಾದ ಒಣ ಜಾಗದಲ್ಲಿಡಿ. ಮೂತಿಯಲ್ಲಿ ಗಟ್ಟಿಯಾದದ್ದೇ ಬಿರಡೆಯಾಗುತ್ತದೆ. ಮುಂದಿನ ಸಲ ಅದನ್ನು ಕಿತ್ತು, ಮೊದಲ ಒಂದೆರಡು ಸೆಂ.ಮೀ. ರಟ್ಟಿನ ಮೇಲೆ ಹಿಂಡಿ ನೋಡಿ. ಗಂಟು ಬಂದರೆ, ಅಥವಾ ಒಂದು ಗಂಟೆಯಾದರೂ ಪೊರೆ ಕಟ್ಟದಿದ್ದರೆ, ಆ ಟ್ಯೂಬ್ ಎಸೆಯಿರಿ.